ಫ್ರೀಜರ್‌ನಲ್ಲಿ ಸತ್ತ ನನ್ನ ಎಲ್‌ಡಿಎಚ್

ಪುನರ್ಪುಳಿ ಸಿಪ್ಪೆಯ ಎಕ್ಸ್‌ಟ್ರಾಕ್ಟ್ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ (ಎಲ್‌ಡಿಎಚ್) ಅನ್ನುವ ಎನ್‌ಜೈಮನ್ನು ತಡೀತದಾ ಅಂತ ನೋಡ್ಲಿಕ್ಕಿತ್ತು, ಮಂಗಳೂರಿನ ಒಂದು ಸಣ್ಣ ಲ್ಯಾಬ್‌ನಲ್ಲಿ ನನ್ನ ಎಂಎಸ್ಸಿ ಪ್ರಾಜೆಕ್ಟ್. ಈ ಎನ್‌ಜೈಮ್ ಸಕ್ಕರೆ ಒಡೆದಾಗ ಬರುವ ಪೈರುವೇಟನ್ನು ಲ್ಯಾಕ್ಟೇಟ್ ಮಾಡ್ತದೆ, ಜೋರು ಓಡುವಾಗ ನಮ್ಮ ಸ್ನಾಯುಗಳಲ್ಲಿ ಆಗುವುದು ಇದೇ, ಎಷ್ಟೋ ಕ್ಯಾನ್ಸರ್ ಜೀವಕೋಶಗಳು ಆಕ್ಸಿಜನ್ ಇದ್ದಾಗ್ಲೂ ಇದೇ ದಾರಿ ಹಿಡೀತವೆ, ಹಾಗಾಗಿ ಇದನ್ನು ತಡೆಯುವ ವಸ್ತು ಹುಡುಕುವವರು ತುಂಬ ಜನ. ರೆಡಿ ಎನ್‌ಜೈಮ್ ತರಿಸ್ಲಿಕ್ಕೆ ದುಡ್ಡಿರ್ಲಿಲ್ಲ, ಮನುಷ್ಯರ ಎಲ್‌ಡಿಎಚ್‌ಎ ಜೀನ್ ಇದ್ದ ಪ್ಲಾಸ್ಮಿಡ್ (ಉಂಗುರದ ಹಾಗಿನ ಡಿಎನ್‌ಎ ತುಂಡು) ಇತ್ತು, ಅದರಿಂದ ಎನ್‌ಜೈಮ್ ನಾನೇ ಮಾಡಿದೆ.

ಪ್ಲಾಸ್ಮಿಡನ್ನು ಈ. ಕೋಲಿ ಬಿಎಲ್21 ಅನ್ನುವ ಬ್ಯಾಕ್ಟೀರಿಯಾದ ಒಳಗೆ ಹಾಕಿ, ಅದು ಎಷ್ಟು ಬೆಳೆದಿದೆ ಅಂತ ಹೇಳುವ ಅಳತೆ (ಒ.ಡಿ.) 0.6 ಆದಾಗ ಐಪಿಟಿಜಿ ಕೊಟ್ಟೆ, ಜೀನನ್ನು ಕೆಲಸಕ್ಕೆ ಹಚ್ಚುವ ವಸ್ತು ಅದು. ಮೊದಲ ಸಲ 37 ಡಿಗ್ರಿಯಲ್ಲೇ ಬಿಟ್ಟದ್ದಕ್ಕೆ ಪ್ರೋಟೀನ್ ಹೆಚ್ಚಿನದೆಲ್ಲ ಕರಗದೆ ತಳದ ಪೆಲೆಟ್‌ನಲ್ಲಿ ಕೂತಿತ್ತು, ಎರಡನೇ ಸಲ 18 ಡಿಗ್ರಿಯಲ್ಲಿ ರಾತ್ರಿಯಿಡೀ ಶೇಕರ್‌ನಲ್ಲಿಟ್ಟೆ, ಕರಗಿದ್ದು ಸಿಕ್ಕಿತು. ಶುದ್ಧ ಮಾಡ್ಲಿಕ್ಕೆ ಪ್ರೋಟೀನನ್ನು ಹಿಡಿದಿಡುವ ನಿಕ್ಕಲ್ ಕಾಲಂ, ಬಿಡಿಸುವ ಇಮಿಡಜೋಲ್ 20 ಮಿಲಿಮೋಲಾರ್ ಹಾಕಿ ವಾಶ್, 250ರಲ್ಲಿ ಇಳಿಸಿದ್ದು. ಪ್ರೋಟೀನನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ 37 ಕಿಲೋಡಾಲ್ಟನ್ ಹತ್ರ ಒಂದೇ ಬ್ಯಾಂಡ್, ಅಷ್ಟು ಚಂದ!

ಅಳೆಯುವುದು ಸುಲಭ. ಈ ಎನ್‌ಜೈಮ್ ಕೆಲಸ ಮಾಡುವಾಗ ಎನ್‌ಎಡಿಎಚ್ ಅನ್ನುವ ಸಹಾಯಕ ಅಣು ಖರ್ಚಾಗಿ ಎನ್‌ಎಡಿ ಆಗ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರಲ್ಲಿ ಬೆಳಕು ಹೀರ್ತದೆ, ಎನ್‌ಎಡಿ ಆದ್ಮೇಲೆ ಹೀರುವುದಿಲ್ಲ, ರೀಡಿಂಗ್ ಎಷ್ಟು ಬೇಗ ಇಳೀತದೋ ಎನ್‌ಜೈಮ್ ಅಷ್ಟು ಚುರುಕು. ನಿಮಿಷಕ್ಕೆ 0.2 ಇಳಿದ್ರೆ 6.22ರಿಂದ (1 ಮಿಲಿಮೋಲಾರ್ ಎನ್‌ಎಡಿಎಚ್ ಕೊಡುವ ರೀಡಿಂಗ್) ಭಾಗಿಸಿ, 1 ಎಂಎಲ್ ಕ್ಯೂವೆಟ್‌ನಲ್ಲಿ ಸುಮಾರು 0.032 ಯೂನಿಟ್. ನನಗೆ ಬಂದದ್ದು ಅದೇ 0.2.

ಮುಂದಿನ ವಾರ ಎಕ್ಸ್‌ಟ್ರಾಕ್ಟ್ ಹಾಕಿದೆ, 0.05! ನನಗೆ ನೆಲದಲ್ಲಿ ಕಾಲು ನಿಲ್ಲಲಿಲ್ಲ, ಓಡಿ ಹೋಗಿ ಮೇಡಂಗೆ ತೋರಿಸಿದೆ.

"ಎಕ್ಸ್‌ಟ್ರಾಕ್ಟ್ ಇಲ್ಲದ್ದು ಇವತ್ತು ಮಾಡಿದ್ದೀಯಾ?"

"ಹೋದ ವಾರದ್ದು ಉಂಟಲ್ವಾ ಮೇಡಂ."

"ಅದು ಬೇಡ, ಈಗ ಮಾಡು."

ಮಾಡಿದೆ. ಅದೂ 0.05. ಪುನರ್ಪುಳಿ ಎಂತದೂ ಮಾಡಿರ್ಲಿಲ್ಲ, ಎನ್‌ಜೈಮೇ ಸತ್ತಿತ್ತು. ಪುನಃ ಜೆಲ್ ಓಡಿಸಿದ್ರೆ ಬ್ಯಾಂಡ್ ಮೊದಲಿನ ಹಾಗೇ ಉಂಟು, ಯಾಕಂದ್ರೆ ಈ ಎನ್‌ಜೈಮ್ ನಾಲ್ಕು ತುಂಡು ಒಟ್ಟು ಸೇರಿದ್ರೆ ಮಾತ್ರ ಕೆಲಸ ಮಾಡುವುದು, ಜೆಲ್‌ಗೆ ಮೊದಲು ಎಸ್‌ಡಿಎಸ್ ಅನ್ನುವ ಸೋಪಿನಂಥದ್ದು ಹಾಕಿ ಕುದಿಸಿ ತುಂಡುಗಳು ಬಿಡಿ ಬಿಡಿ ಆದ ಮೇಲೆ ಸರಿ ಇದ್ದದ್ದೂ ಹಾಳಾದದ್ದೂ ಒಂದೇ ತರ ಕಾಣ್ತದೆ.

ತಪ್ಪು ನಾನು ಇಟ್ಟ ರೀತಿಯಲ್ಲಿತ್ತು. ಗ್ಲಿಸರಾಲ್ ಹಾಕದೆ ಸೋಡಿಯಂ ಫಾಸ್ಫೇಟ್ ಬಫರ್‌ನಲ್ಲಿ, ಒಂದೇ ಟ್ಯೂಬ್‌ನಲ್ಲಿ, ಮೈನಸ್ 20ರಲ್ಲಿ, ದಿನಾ ತೆಗೆದು ಕರಗಿಸಿ ಪುನಃ ಒಳಗೆ. ಅದರ ಮೇಲೆ ಜೂನ್ ತಿಂಗಳ ಗುಡುಗು ಮಳೆ, ಕರೆಂಟ್ ಹೋಗಿ ಬಂದು ಆಗ್ತಿತ್ತು. ಎಲ್‌ಡಿಎಚ್ ಫ್ರೀಜ್ ಆಗಿ ಕರಗಿದ್ರೆ ಹಾಳಾಗ್ತದೆ ಅಂತ ಪ್ರೋಟೀನ್ ಕೆಲಸದವರಿಗೆಲ್ಲ ಗೊತ್ತು, ಮಂಜುಗಡ್ಡೆಯ ಮೇಲ್ಮೈ ತಾಗಿಯೇ ಬಿಚ್ಚಿ ಹೋಗ್ತದೆ, ಸಾಲದ್ದಕ್ಕೆ ಸೋಡಿಯಂ ಫಾಸ್ಫೇಟ್ ಹೆಪ್ಪುಗಟ್ಟುವಾಗ ಪಿಎಚ್ ಕೂಡ ಕೆಳಗೆ ಬೀಳ್ತದೆ.

ಮೂರನೇ ಬ್ಯಾಚನ್ನು ಅರ್ಧಕ್ಕರ್ಧ ಗ್ಲಿಸರಾಲ್ ಹಾಕಿ 20 ಮೈಕ್ರೋಲೀಟರ್‌ನ ಸಣ್ಣ ಸಣ್ಣ ಟ್ಯೂಬ್ ಮಾಡಿಟ್ಟೆ, ಹಾಗೆ ಇಟ್ರೆ ಮೈನಸ್ 20ರಲ್ಲಿ ಗಟ್ಟಿಯೇ ಆಗುವುದಿಲ್ಲ. ಡೈಲ್ಯೂಟ್ ಮಾಡಿದ್ದನ್ನು ಆ ದಿನಕ್ಕೆ ಮಾತ್ರ ಇಟ್ಟೆ, ಅದಕ್ಕೂ ಬಿಎಸ್ಎ ಅನ್ನುವ ಇನ್ನೊಂದು ಪ್ರೋಟೀನ್ ಸೇರಿಸಿ, ಇಲ್ಲದಿದ್ರೆ ಅಷ್ಟು ತೆಳುವಾದ ಎನ್‌ಜೈಮ್ ಪ್ಲಾಸ್ಟಿಕ್‌ಗೇ ಅಂಟಿಕೊಳ್ತದೆ. ಎನ್‌ಎಡಿಎಚ್ ಪುಡಿ ನಮ್ಮೂರ ಮಳೆಗಾಲದ ಗಾಳಿಗೆ ನೀರೆಳೀತದೆ, ಅದಕ್ಕೆ ಡೆಸಿಕೇಟರ್, ದಿನಾ ಹೊಸ ಸೊಲ್ಯೂಶನ್. ಇನ್ನೊಂದು, ಪುನರ್ಪುಳಿಯ ಬಣ್ಣವೂ 340ರಲ್ಲಿ ಬೆಳಕು ಹೀರ್ತದೆ, ಪ್ರತಿಯೊಂದು ಡೋಸ್‌ಗೂ ಎನ್‌ಜೈಮ್ ಇಲ್ಲದ ಬ್ಲ್ಯಾಂಕ್ ಬೇಕೇ ಬೇಕು.

ಆಮೇಲೆ ಪ್ರತಿದಿನ ಬೆಳಿಗ್ಗೆ ಮೊದಲು ಎಕ್ಸ್‌ಟ್ರಾಕ್ಟ್ ಇಲ್ಲದ ರೀಡಿಂಗ್, 0.2 ಹತ್ರ ಬಂದ್ರೆ ಮಾತ್ರ ಮುಂದಿನ ಕೆಲಸ. ಎಲ್‌ಡಿಎಚ್ ತಡೀತದೆ ಅಂತ ಮೊದಲೇ ಗೊತ್ತಿರುವ ಆಕ್ಸಮೇಟ್ ಹಾಕಿದಾಗ ಎನ್‌ಜೈಮಿನ ಕೆಲಸ ಚೆನ್ನಾಗಿ ನಿಂತಿತು, ಪುನರ್ಪುಳಿ ತಡೆದದ್ದು ತೀರಾ ಕಮ್ಮಿ. ಥೀಸಿಸ್‌ನಲ್ಲಿ ಹಾಗೆಯೇ ಬರೆದೆ.