ಎಣಿಸದೆ ನಡೆಯುವ ಅರ್ಧ ಗಂಟೆ

ರಾತ್ರಿ ಹನ್ನೊಂದೂವರೆಗೆ ಸೋಫಾ ಸುತ್ತ ಗಿರಕಿ ಹೊಡೆಯುತ್ತಿದ್ದರೆ ಅದು ವಾಕಿಂಗ್ ಅಲ್ಲ, ಹೆಜ್ಜೆ ಎಣಿಸುವ ಆ್ಯಪ್‌ನ ಬಾಕಿ ತೀರಿಸುವ ಕೆಲಸ. ಹತ್ತು ಸಾವಿರ ಹೆಜ್ಜೆಯ ಗುರಿ ಹಬ್ಬಿದ್ದೇ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೆಯ್’ ಎಂಬ ಹೆಜ್ಜೆಯೆಣಿಕೆ ಯಂತ್ರದಿಂದ. ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮೀಟರು’. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿರುವುದು ನಿಮಿಷದ ಲೆಕ್ಕ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಸಾಧಾರಣ ಬಿರುಸಿನ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಸಾಕಾಯಿತು.

ಮೊದಲು ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದೆ ಗುರಿ ಮುಟ್ಟಿದ ದಿನಗಳ ಸಾಲು, ಮುರಿಯಿರಿ, ಅದೂ ಬೇಕೆಂದೇ, ದಿನ ಗೊತ್ತು ಮಾಡಿಕೊಂಡು. ತಾನಾಗಿ ತಪ್ಪಿದರೆ ಹೊಟ್ಟೆ ಉರಿದು ಮರುದಿನವೇ ಹೊಸದು ಶುರುವಾಗುತ್ತದೆ.

ಆಮೇಲೆ ಎಣಿಕೆಯನ್ನೇ ನಿಲ್ಲಿಸಿ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿದರೆ ಒಳಗೆ ಲೆಕ್ಕ ನಡೆಯುತ್ತಲೇ ಇರುತ್ತದೆ, ನೀವು ಇಣುಕುತ್ತಲೇ ಇರುತ್ತೀರಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್‌ನ ಪರ್ಮಿಷನ್ಸ್, ಫಿಸಿಕಲ್ ಆ್ಯಕ್ಟಿವಿಟಿ. ಅಲ್ಲಿ ‘ಡೋಂಟ್ ಅಲೋ’ ಒತ್ತಿ. ಐಫೋನ್‌ನಲ್ಲಾದರೆ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿಯೊಳಗಿನ ಮೋಷನ್ ಆ್ಯಂಡ್ ಫಿಟ್ನೆಸ್‌ಗೆ ಹೋಗಿ ಫಿಟ್ನೆಸ್ ಟ್ರ್ಯಾಕಿಂಗ್ ಆಫ್ ಮಾಡಿ. ಸ್ಮಾರ್ಟ್‌ವಾಚ್ ತನ್ನ ಪಾಡಿಗೆ ತಾನು ಎಣಿಸುತ್ತದೆ, ಅದು ಬೀರುವಿನಲ್ಲಿರಲಿ. (ಆಪರೇಷನ್ ಆದಮೇಲೆ ಅಥವಾ ಹೃದಯದ ತೊಂದರೆಗೆ ಎಣಿಸಲು ವೈದ್ಯರೇ ಹೇಳಿದ್ದರೆ ಇದಾವುದನ್ನೂ ಮಾಡಬೇಡಿ.)

ಗುರಿಗೆ ಒಂದು ಜಾಗ ಸಾಕು: ಅರಳಿಕಟ್ಟೆ, ಹಾಲಿನ ಬೂತ್, ಕೆರೆ ಏರಿಯ ತುದಿ. ಮನೆಯಿಂದ ಹದಿನೈದು ನಿಮಿಷದ ದಾರಿಯಿರಲಿ. ಹೋಗಿ ಬಂದರೆ ಅರ್ಧ ಗಂಟೆ. ಮಾತಾಡಲು ಉಸಿರಿದ್ದು ಹಾಡಲು ಸಾಲದಿದ್ದರೆ ವೇಗ ಸರಿಯಾಗಿದೆ. ದಿನಾ ಅದೇ ದಾರಿ ಹಿಡಿಯಿರಿ; ನಿನ್ನೆ ಇಲ್ಲದ್ದು ಇವತ್ತು ಕಾಣುವುದು ದಾರಿ ಪರಿಚಯವಾದ ಮೇಲೆಯೇ.

ಜೊತೆಗೆ ಅಮ್ಮನೋ ಅತ್ತೆಯೋ ಬಂದರೆ ಅವರ ನಡಿಗೆಯೇ ನಿಮ್ಮ ನಡಿಗೆ. ಬಿರುಸು ಆ ದಿನ ಕಡಿಮೆಯಾದರೆ ಆಗಲಿ. ಮೊದಲ ಹತ್ತು ನಿಮಿಷ ಕರೆಂಟ್ ಬಿಲ್ಲು, ಮಂಡಿನೋವಿನಲ್ಲೇ ಕಳೆಯುತ್ತದೆ. ಆ ಮಾತು ಮುಗಿದ ಮೇಲಿನ ಮೌನವನ್ನು ತುಂಬಲು ಹೋಗಬೇಡಿ, ಮುಂದಿನ ಮಾತು ಅಲ್ಲಿಂದಲೇ ಹೊರಡುತ್ತದೆ. ಇಯರ್‌ಫೋನ್ ಬೇಡ. ಫೋನ್ ರಿಂಗ್‌ನಲ್ಲಿರಲಿ, ಆದರೆ ಜಿಪ್ ಹಾಕಿದ ಚೀಲದೊಳಗೆ. ಜೇಬಿನಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ‘ಇವತ್ತು ಐದು ಹಕ್ಕಿ ನೋಡಬೇಕು’ ಎಂದು ಹೊರಡುತ್ತಾರೆ. ಅದೂ ಸ್ಕೋರೇ. ಹೂವಿನ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದರೆ, ಎಷ್ಟು ಜನ ನೋಡಿದರು ಎಂಬ ಎಣಿಕೆ ಮತ್ತೆ ಶುರು. ನೋಡಿದ್ದನ್ನು ಮನೆಯಲ್ಲಿ ಬಾಯಲ್ಲಿ ಹೇಳಿ, ಸಾಕು.

ನವೆಂಬರಿನ ಬೆಳಗಿನ ನಡಿಗೆಯಾದರೆ ಆಕಾಶಮಲ್ಲಿಗೆ ಮರದಡಿ ನಿಲ್ಲಿ. ರಾತ್ರಿ ಅರಳಿದ್ದು ನೆಲದ ತುಂಬ ಬಿದ್ದಿರುತ್ತದೆ. ಬಾಡದ ಹೂ ಒಂದು ಹಿಡಿ ಆಯ್ದು, ಬೆರಳುದ್ದದ ಕೊಳವೆಗಳನ್ನು ಮೂರೆಳೆ ಜಡೆಯಂತೆ ಹೆಣೆಯುತ್ತಾ ಹೋಗಿ. ದಾರ ಬೇಕಿಲ್ಲ, ಎರಡೂ ಕೈ ಬೇಕು.