ಮೀನಿನ ಹೆಜ್ಜೆ ಕೇಳುವ ಪೆಟ್ಟಿಗೆ: ಕಿವಿ ಮೊದಲು, ಪರದೆ ಆಮೇಲೆ

ಬೆಂಗಳೂರಿಗೆ ಸಮುದ್ರವಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲ. ಆದರೂ ಶನಿವಾರ ಬೆಳಗಿನ ಜಾವ ಗಾಳಿ ತುಂಬುವ ದೋಣಿಯನ್ನು ಮಡಚಿ ಕಾರಿಗೆ ಹಾಕಿಕೊಂಡು ಹೇಮಾವತಿಯದೋ ಶರಾವತಿಯದೋ ಹಿನ್ನೀರಿಗೆ ಹೊರಡುವ ಗಾಳದ ಹುಚ್ಚಿನವರು ಇಲ್ಲಿದ್ದಾರೆ. ಅವರಲ್ಲಿ ನಾನೂ ಒಬ್ಬ. ನೀರಿನೊಳಗಿನ ಮೀನನ್ನು ಶಬ್ದದಿಂದ ಹುಡುಕುವ, ಏಳು ಇಂಚಿನ ಪರದೆಯ ಫಿಶ್ ಫೈಂಡರ್ ಕೊಂಡು, ಮನೆಯ ಯುಪಿಎಸ್‌ನ ಹಳೆಯ ಬ್ಯಾಟರಿಯನ್ನೇ ಕಿತ್ತು ಅದಕ್ಕೂ ದೋಣಿಯ ಮೋಟಾರಿಗೂ ಜೋಡಿಸಿ ಗೊರೂರಿನ ಹಿನ್ನೀರಿಗೆ ಇಳಿದ ಮೊದಲ ದಿನ ದೋಣಿಯ ಮೋಟಾರು ಚಾಲೂ ಮಾಡಿದಾಗಲೆಲ್ಲ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಜೊತೆಗಿದ್ದ ಸ್ಥಳೀಯ ಮೀನುಗಾರರು ಎರಡು ಗಂಟೆ ಸುಮ್ಮನಿದ್ದು ಕೊನೆಗೆ ಕೇಳಿದರು: “ನಿಮ್ಮ ಟೀವಿಗೂ ಲೋಡ್ ಶೆಡ್ಡಿಂಗ್ ಉಂಟಾ ಸ್ವಾಮಿ?”

ಪೆಟ್ಟಿಗೆ ಮಾಡಿದವರನ್ನು ಮನಸಾರೆ ಬೈದುಕೊಂಡು ಮನೆಗೆ ಬಂದೆ. ತಪ್ಪು ನನ್ನದಾಗಿತ್ತು. ನಾನು ಪರದೆಯನ್ನು ಕೊಂಡಿದ್ದೆ. ಕೊಳ್ಳಬೇಕಾಗಿದ್ದದ್ದು ಕಿವಿಯನ್ನು, ಆಮೇಲೆ ಆ ಕಿವಿಗೆ ಸರಿಯಾದ ಊಟವನ್ನು.

ಇದು ಕ್ಯಾಮೆರಾ ಅಲ್ಲ

ದೋಣಿಯ ಕೆಳಗೆ ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಎಂಬ ತುಂಡೇ ಈ ಸಲಕರಣೆಯ ಜೀವ, ನಾನು ಹೇಳಿದ ಕಿವಿ. ಅದರೊಳಗಿನ ಬಿಲ್ಲೆ ವಿದ್ಯುತ್ ಹರಿದಾಗ ಕಂಪಿಸಿ ಶಬ್ದ ಹೊರಡಿಸುತ್ತದೆ, ಮರಳಿ ಬಂದ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿ ಬದಲಿಸುತ್ತದೆ. 1880ರಲ್ಲಿ ಕ್ಯೂರಿ ಸಹೋದರರು ಹರಳುಗಳಲ್ಲಿ ಕಂಡ ಗುಣವಿದು. ಇದನ್ನು ಮೀನು ಹುಡುಕುವ ಕೆಲಸಕ್ಕೆ ಒಗ್ಗಿಸಿ 1948ರಲ್ಲಿ ಬಳಕೆಗೆ ತಂದವರು ಜಪಾನಿನ ಫುರುನೊ ಸಹೋದರರು.

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹತ್ತು ಮೀಟರ್ ಆಳದ ತಳಕ್ಕೆ ಹೋಗಿ ಬರಲು ಬೇಕಾಗುವುದು ಒಂದು ಸೆಕೆಂಡಿನ ಸಾವಿರದಲ್ಲಿ 13 ಭಾಗ ಮಾತ್ರ. ಮೀನು ಕೇಳಿಸುವುದು ಮುಖ್ಯವಾಗಿ ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಮಾಂಸ ಹೆಚ್ಚು ಕಡಿಮೆ ನೀರಿನಂತೆಯೇ, ಶಬ್ದ ಅದನ್ನು ದಾಟಿ ಹೋಗುತ್ತದೆ.

ಪರದೆಯಲ್ಲಿ ಬಲ ಅಂಚು ಮಾತ್ರ ಈ ಕ್ಷಣದ್ದು. ಅದರ ಎಡಕ್ಕಿರುವುದೆಲ್ಲ ಕಳೆದುಹೋದದ್ದು. ಚಿತ್ರ ಎಡಕ್ಕೆ ಸರಿದರೆ ಮೀನು ಎಡಕ್ಕೆ ಈಜಿತು ಎಂದು ಗಾಳವನ್ನು ಆ ಕಡೆ ಎಸೆದವರನ್ನು ನಾನು ಕಂಡಿದ್ದೇನೆ (ಕನ್ನಡಿಯಲ್ಲಿ).

ಮೊದಲ ಹೆಜ್ಜೆ: ನೀರು ಯಾವುದು?

ಕೊಳ್ಳುವ ಮೊದಲು ಎಲ್ಲಿ ಬಳಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ನಮ್ಮ ಊರಿನ ಕೆರೆಗಳಲ್ಲಿ ಬಳಸಲು ಇದನ್ನು ಕೊಳ್ಳುವುದಾದರೆ ದುಡ್ಡು ಉಳಿಸಿ; ಎರಡು ಮೂರು ಮೀಟರ್ ನೀರಿನ ಆಳ ಅಳೆಯಲು ಗಂಟು ಹಾಕಿದ ಹಗ್ಗ ಸಾಕು. ಜಲಾಶಯದ ಹಿನ್ನೀರಿನಲ್ಲಿ ಮಾತ್ರ ಪೆಟ್ಟಿಗೆಗೆ ನಿಜವಾದ ಕೆಲಸವಿದೆ. ಅಲ್ಲಿ ತಳ ಎಂದರೆ ಮುಳುಗಿದ ಊರು: ಗದ್ದೆಯ ಬದು, ಹಳೆಯ ಹೊಳೆಯ ಪಾತ್ರ, ಶರಾವತಿಯಲ್ಲಾದರೆ ನಿಂತೇ ಸತ್ತ ಮರಗಳು. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಹೇಮಾವತಿಯಲ್ಲಿ ಮುಳುಗುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಮೀನು ಸಾಮಾನ್ಯವಾಗಿ ಬಯಲಿಗಿಂತ ಇಂಥ ಆಸರೆಯ ಪಕ್ಕ ನಿಲ್ಲುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಮೀನಿಗಿಂತ ಹೆಚ್ಚಾಗಿ ಮೀನಿನ ಮನೆಯನ್ನು.

ಜಲಾಶಯದ ಮೀನಿನ ಹಕ್ಕು ಗುತ್ತಿಗೆಯವರದೋ ಪರವಾನಗಿ ಪಡೆದವರದೋ ಆಗಿರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ನೀರಿಗಿಳಿಯಿರಿ. ಅಭಯಾರಣ್ಯದೊಳಗಿನ ಹೊಳೆಯ ಆಸೆಯನ್ನಂತೂ ಬಿಟ್ಟುಬಿಡಿ. ಕಾವೇರಿಯ ಗೂನು ಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಅದನ್ನು ಹುಡುಕುವ ಕಿವಿ ನಮಗೆ ಬೇಡ.

ಎರಡನೆಯದು: ಕಿವಿಯ ಆಯ್ಕೆ

ಶಬ್ದದ ಆವರ್ತನ ಹೆಚ್ಚಿದಷ್ಟೂ ವಿವರ ಹೆಚ್ಚು, ತಲುಪುವ ಆಳ ಕಡಿಮೆ. 200 ಕಿಲೋಹರ್ಟ್ಸ್ ನಮ್ಮ ಹಿನ್ನೀರಿಗೆ ಹೇಳಿ ಮಾಡಿಸಿದ್ದು. ಕಿರಿದಾದ ಪಟ್ಟಿಯಂತೆ ಹರಡುವ 455 ಅಥವಾ 800 ಕಿಲೋಹರ್ಟ್ಸ್‌ನ ಶಬ್ದ ಮರದ ಕೊಂಬೆಗಳನ್ನು ಕೊಂಬೆಯಂತೆಯೇ ತೋರಿಸುತ್ತದೆ. 50 ಕಿಲೋಹರ್ಟ್ಸ್ ಬೇಕಾಗುವುದು ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವವರಿಗೆ. ಒಂದೇ ಆವರ್ತನದ ಬದಲು ಒಂದು ಶ್ರೇಣಿಯನ್ನೇ ಸಿಳ್ಳೆಯಂತೆ ಏರಿಸುತ್ತಾ ಹೋಗುವ ‘ಚರ್ಪ್’ ಮಾದರಿಯಲ್ಲಿ ಹತ್ತಿರ ಹತ್ತಿರ ಇರುವ ಎರಡು ಮೀನುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕೈಗೆಟಕುವ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು ಲೆಕ್ಕ, ಶಬ್ದ ಕೆಳಕ್ಕೆ ಹೋದಂತೆ ಅಗಲವಾಗುತ್ತಾ ಮೂಡಿಸುವ ಶಂಕುವಿನದು. 20 ಡಿಗ್ರಿಯ ಶಂಕು ಹತ್ತು ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ವೃತ್ತವನ್ನು ನೋಡುತ್ತದೆ. 60 ಡಿಗ್ರಿಯದು ಹನ್ನೊಂದೂವರೆ ಮೀಟರ್. ಅಗಲವಾದದ್ದು ಒಳ್ಳೆಯದು ಎನಿಸುತ್ತದೆ, ಆದರೆ ಮೀನು ಆ ವೃತ್ತದಲ್ಲಿ ಎಲ್ಲಿದೆ ಎಂದು ಪೆಟ್ಟಿಗೆಗೆ ತಿಳಿಯದು. ಗಾಳವನ್ನು ದೋಣಿಯ ಪಕ್ಕದಲ್ಲೇ ನೇರ ಇಳಿಸುವವರಿಗೆ ಕಿರಿದಾದ ಶಂಕುವೇ ಸರಿ.

ಡಬ್ಬದ ಮೇಲಿನ ವ್ಯಾಟ್‌ಗೆ ಮರುಳಾಗಬೇಡಿ. ‘ಪೀಕ್ ಟು ಪೀಕ್’ (ಅಲೆಯ ತುದಿಯಿಂದ ತುದಿಗೆ ಅಳೆದದ್ದು) 4000 ವ್ಯಾಟ್ ಎಂದರೆ ಎಂಟರಿಂದ ಭಾಗಿಸಿ. ನಿಜವಾದ ಶಕ್ತಿ 500. ಪರದೆಯಲ್ಲಿ ಇಂಚಿಗಿಂತ ಮುಖ್ಯವಾದದ್ದು ನಿಲುವಿನ ಪಿಕ್ಸೆಲ್‌ಗಳ ಸಂಖ್ಯೆ. 480 ಇದ್ದರೆ ಹತ್ತು ಮೀಟರ್ ನೀರಿನಲ್ಲಿ ಒಂದೊಂದಕ್ಕೂ ಎರಡು ಸೆಂಟಿಮೀಟರ್ ಬರುತ್ತದೆ, ಅಷ್ಟು ಸಾಕು. ಅಂಗಡಿಯ ಪರದೆಯಲ್ಲಿ ಸಾಲುಸಾಲಾಗಿ ಹೊಳೆಯುವ ಮೀನುಗಳು ಪ್ರದರ್ಶನಕ್ಕೆಂದು ತುಂಬಿಟ್ಟ ಚಿತ್ರ. ಆ ಮೀನುಗಳು ಅಂಗಡಿಯಲ್ಲೇ ಉಳಿಯುತ್ತವೆ. ಪರದೆಯನ್ನು ಬೀದಿಯ ಬಿಸಿಲಿಗೆ ತಂದು ನೋಡಲು ಬಿಡುವಿರಾ ಎಂದು ಕೇಳಿ. ಬಿಡದಿದ್ದರೆ ಬೇರೆ ಅಂಗಡಿ.

ದಡದಲ್ಲೇ ನಿಲ್ಲುವವರಿಗೆ, ಹರಿಗೋಲು ಬಾಡಿಗೆಗೆ ಹಿಡಿಯುವವರಿಗೆ ದಾರಕ್ಕೆ ಕಟ್ಟಿ ಎಸೆಯುವ ಚೆಂಡಿನಂಥ ಫಿಶ್ ಫೈಂಡರ್ ಸಿಗುತ್ತದೆ. ಅದು ನೀರಿನ ಮೇಲೆ ತೇಲುತ್ತಾ ವೈಫೈ ಮೂಲಕ ಮೊಬೈಲಿಗೆ ಚಿತ್ರ ಕಳಿಸುತ್ತದೆ, ತಂತಿಯ ಗೋಜಿಲ್ಲ. ಅಂಥದ್ದು ಕೊಂಡರೆ ಮುಂದಿನ ಭಾಗ ನಿಮಗೆ ಬೇಕಿಲ್ಲ.

ಮೂರನೆಯದು: ಬ್ಯಾಟರಿ

ಇಲ್ಲಿ ನಿಧಾನಿಸೋಣ, ಏಕೆಂದರೆ ‘ಪೆಟ್ಟಿಗೆ ಕೆಟ್ಟಿದೆ’ ಎಂಬ ದೂರುಗಳಲ್ಲಿ ಬಹುಪಾಲು ಬ್ಯಾಟರಿಯವು.

ಕೈಪಿಡಿಯಲ್ಲಿ ಸಲಕರಣೆ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡಿ. ವ್ಯಾಟ್‌ನಲ್ಲಿ ಕೊಟ್ಟಿದ್ದರೆ 12ರಿಂದ (ಬ್ಯಾಟರಿಯ ವೋಲ್ಟೇಜಿನಿಂದ) ಭಾಗಿಸಿ: 12 ವ್ಯಾಟ್ ಎಂದರೆ ಒಂದು ಆಂಪಿಯರ್. ಐದರಿಂದ ಏಳು ಇಂಚಿನ ಪರದೆಗಳು ಸಾಮಾನ್ಯವಾಗಿ ಇದರ ಆಸುಪಾಸಿನಲ್ಲಿರುತ್ತವೆ, ಬಿಸಿಲಿಗೆಂದು ಬೆಳಕು ಏರಿಸಿದಷ್ಟೂ ಹೆಚ್ಚುತ್ತದೆ. ಎಂಟು ಗಂಟೆ ನೀರಿನಲ್ಲಿದ್ದರೆ 8 ಆಂಪಿಯರ್-ಗಂಟೆ ಬೇಕು.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 8 ಬೇಕಿದ್ದವರು 18 ಆಂಪಿಯರ್-ಗಂಟೆಯದನ್ನು ಹೊರಬೇಕು; ಅದು ಐದಾರು ಕಿಲೋ ತೂಗುತ್ತದೆ. ಯುಪಿಎಸ್‌ನ 7 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಾಗಿದ್ದರೂ ಮೂರೂವರೆ ಗಂಟೆ. ನನ್ನದು ಹಳೆಯದು, ಹೇಳುವುದೇನಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟನ್ನು ಧೈರ್ಯವಾಗಿ ಬಳಸಬಹುದು, ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕುಸಿಯುವುದಿಲ್ಲ. 12 ಆಂಪಿಯರ್-ಗಂಟೆಯದು ಒಂದೂವರೆ ಕಿಲೋ ಆಸುಪಾಸು. ಬೆಲೆ ಹೆಚ್ಚು, ನಿಜ. ಮೊಣಕಾಲುದ್ದ ಕೆಸರಿನಲ್ಲಿ ದೋಣಿ ಹೊತ್ತವರು ಆ ಬೆಲೆಯನ್ನು ಪ್ರಶ್ನಿಸುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿ ಲಿಥಿಯಂ ಅಯಾನ್ ಸೆಲ್‌ಗಳನ್ನು ಜೋಡಿಸಿ ಪ್ಯಾಕ್ ಮಾಡಿಸಿಕೊಳ್ಳುವವರೂ ಇದ್ದಾರೆ. ಮೂರು ಸೆಲ್‌ಗಳ ಸರಣಿ ತುಂಬಿದಾಗ 12.6 ವೋಲ್ಟ್, ಬರಿದಾಗುತ್ತಾ 9ಕ್ಕೆ ಇಳಿಯುತ್ತದೆ. ಬಹಳಷ್ಟು ಪೆಟ್ಟಿಗೆಗಳು 10ರ ಸುಮಾರಿಗೇ ಕಣ್ಣು ಮುಚ್ಚುತ್ತವೆ. ನಾಲ್ಕರ ಸರಣಿ 16.8 ವೋಲ್ಟ್ ಮುಟ್ಟುತ್ತದೆ. ನಿಮ್ಮ ಕೈಪಿಡಿಯಲ್ಲಿರುವ ಗರಿಷ್ಠ ಮಿತಿ ಎಷ್ಟು ಎಂದು ನೋಡದೆ ಜೋಡಿಸಿದರೆ ಸುಟ್ಟೀತು. ಯಾವ ಲಿಥಿಯಂ ಆದರೂ ಒಳಗೆ ರಕ್ಷಣಾ ಸರ್ಕ್ಯೂಟ್ ಇರಲೇಬೇಕು, ಚಾರ್ಜರ್ ಅದಕ್ಕೆಂದೇ ಮಾಡಿದ್ದಾಗಿರಬೇಕು.

ಮೋಟಾರಿನ ಬ್ಯಾಟರಿಯಿಂದಲೇ ಪೆಟ್ಟಿಗೆಗೂ ತಂತಿ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ವಿದ್ಯುತ್ ಮೋಟಾರು ಹೊರಡುವಾಗ ಹತ್ತಾರು ಆಂಪಿಯರ್ ಒಮ್ಮೆಲೇ ಎಳೆಯುತ್ತದೆ, ವೋಲ್ಟೇಜ್ ಬೀಳುತ್ತದೆ, ಪರದೆ ಸಾಯುತ್ತದೆ. ನನ್ನ ಗೊರೂರಿನ ಕಥೆ ಇಷ್ಟೇ. ಸಾಯದಿದ್ದರೂ ಮೋಟಾರಿನ ವೇಗ ನಿಯಂತ್ರಕದ ಗದ್ದಲ ತಂತಿಯೊಳಗೆ ನುಗ್ಗಿ ಪರದೆಯ ತುಂಬ ಮಳೆ ಹುಯ್ಯುತ್ತದೆ. ಬ್ಯಾಟರಿ ಬೇರೆ ಇರಲಿ, ಟ್ರಾನ್ಸ್‌ಡ್ಯೂಸರ್‌ನ ತಂತಿ ಮೋಟಾರಿನ ತಂತಿಯ ಜೊತೆಗೆ ಓಡದಿರಲಿ.

ನಾಲ್ಕನೆಯದು: ತಂತಿ, ಫ್ಯೂಸ್

ಕೂದಲೆಳೆಯಂಥ ತಂತಿ ವೋಲ್ಟೇಜನ್ನು ತಿನ್ನುತ್ತದೆ. ನಾಲ್ಕು ಮೀಟರ್ ದೂರಕ್ಕೆ, ಅಂದರೆ ಹೋಗಿಬರುವ ಎಂಟು ಮೀಟರಿಗೆ, ಅರ್ಧ ಚದರ ಮಿಲಿಮೀಟರಿನ ತಾಮ್ರದಲ್ಲಿ ಎರಡು ಆಂಪಿಯರ್ ಹರಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಒಂದೂವರೆ ಚದರ ಮಿಲಿಮೀಟರಿನದನ್ನು ಹಾಕಿದರೆ ಚಿಂತೆಯಿಲ್ಲ. ಕೈಪಿಡಿ ಹೇಳಿದಷ್ಟೇ ಆಂಪಿಯರಿನ ಫ್ಯೂಸನ್ನು ಧನ ತಂತಿಯಲ್ಲಿ ಬ್ಯಾಟರಿಗೆ ಆದಷ್ಟು ಹತ್ತಿರ ಹಾಕಿ. ಪೆಟ್ಟಿಗೆಯ ಬಳಿ ಹಾಕಿದರೆ ನಡುವಿನ ತಂತಿಗಳು ಒಂದಕ್ಕೊಂದು ತಾಗಿಕೊಂಡಾಗ ಯಾರೂ ಕಾಪಾಡುವುದಿಲ್ಲ. ಬೆಸುಗೆ ಹಾಕಿ ಮೇಲೆ ಕುಗ್ಗುವ ಕೊಳವೆ ತೊಡಿಸಿ. ಬ್ಯಾಟರಿಯನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ದೋಣಿಗೆ ಕಟ್ಟಿ. ಅದಕ್ಕೂ ಮೊದಲು ನೀವು ಜೀವರಕ್ಷಕ ಜಾಕೆಟ್ ಕಟ್ಟಿಕೊಳ್ಳಿ.

ಐದನೆಯದು: ಕಿವಿ ಕೂರುವ ಜಾಗ

ಟ್ರಾನ್ಸ್‌ಡ್ಯೂಸರ್‌ಗೆ ಗಾಳಿಯೇ ಶತ್ರು. ಮೋಟಾರಿನ ರೆಕ್ಕೆ ಎಬ್ಬಿಸುವ ಗುಳ್ಳೆಗಳಿಂದ ದೂರ, ದೋಣಿಯ ತಳಕ್ಕಿಂತ ಸ್ವಲ್ಪ ಕೆಳಗೆ, ಮುಖ ನೇರ ಕೆಳಕ್ಕೆ ಇರಬೇಕು. ಗಟ್ಟಿ ಫೈಬರ್ ದೋಣಿಯಾದರೆ ಒಳಗಿನಿಂದಲೇ ಅಂಟಿಸಿದರೂ ಶಬ್ದ ದಾಟುತ್ತದೆ. ನಡುವೆ ಮರ, ಫೋಮ್ ಇದ್ದರೆ ದಾಟುವುದಿಲ್ಲ. ಗಾಳಿ ತುಂಬುವ ದೋಣಿಗೆ, ಹರಿಗೋಲಿಗೆ ಒಂದು ಕೊಳವೆಯ ತುದಿಗೆ ಬಿಗಿದು ಅಂಚಿನಿಂದ ಇಳಿಬಿಡುವುದೇ ಸುಲಭ. ಹರಿಗೋಲು ತಿರುಗುತ್ತಲೇ ಇರುತ್ತದಾದ್ದರಿಂದ ಅಲ್ಲಿ ಮೀನಿನ ಕಮಾನು ನೋಡುವ ಆಸೆ ಬೇಡ. ಆ ಕಮಾನು ಮೂಡುವುದು ದೋಣಿ ಮೀನಿನ ಮೇಲೆ ಹಾದುಹೋದಾಗ: ದೂರ ಕಡಿಮೆಯಾಗಿ ಮತ್ತೆ ಹೆಚ್ಚುವುದರಿಂದ ಗೆರೆ ಬಾಗುತ್ತದೆ. ನಿಂತ ದೋಣಿಯ ಕೆಳಗೆ ನಿಂತ ಮೀನು ಬರೀ ಉದ್ದನೆಯ ಗೆರೆ.

ನೀರಿಗಿಳಿದ ಮೇಲೆ

ಮೀನಿನ ಆಕಾರದ ಚಿಹ್ನೆ ತೋರಿಸುವ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಅದಕ್ಕೆ ಗುಳ್ಳೆಯೂ ಮೀನೇ, ತೇಲುವ ಕಸವೂ ಮೀನೇ. ಆಮೇಲೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಆಳವನ್ನು ಪರದೆಯ ಅಂಕಿಯೊಂದಿಗೆ ಹೋಲಿಸಿ. ಎರಡೂ ಹೊಂದಿದರೆ ಗಾಳದ ಸೀಸದ ಗುಂಡನ್ನು ಟ್ರಾನ್ಸ್‌ಡ್ಯೂಸರ್‌ನ ಪಕ್ಕದಲ್ಲೇ ನಿಧಾನವಾಗಿ ಬಿಡಿ. ಓರೆಯಾದ ತೆಳು ಗೆರೆಯೊಂದು ತಳದವರೆಗೆ ಇಳಿದದ್ದು ಕಾಣಬೇಕು. ಕಾಣದಿದ್ದರೆ ಸೂಕ್ಷ್ಮತೆಯನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪರದೆಯ ತುಂಬ ಚುಕ್ಕೆಗಳು ಬಂದಾಗ ಎರಡು ಮೆಟ್ಟಿಲು ಇಳಿಸಿ. ಆಗಲೂ ಕಾಣದಿದ್ದರೆ ಮಲ್ಟಿಮೀಟರ್ ತೆಗೆದು, ಪೆಟ್ಟಿಗೆ ಚಾಲೂ ಇರುವಾಗಲೇ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ.