ಇಜಿಆರ್ ತೆಗೆದ ಮೇಲೆ ಬಂದ್ ಬೀಳುತ್ತಿದ್ದ ಎಂಜಿನ್: ಪಂಪು ಇಳಿಸದೆ ಸರಿಮಾಡಿದ್ದು

ಓಡುತ್ತಿರುವಾಗಲೇ ಬಂದ್ ಬೀಳುತ್ತಿದ್ದ ಈ ಮಿನಿ ಲಾರಿಯನ್ನು ಕುಮಟಾದಿಂದ ಶಿರಸಿವರೆಗೆ ತೋರಿಸಿದಲ್ಲೆಲ್ಲ ಒಂದೇ ಮಾತು: ಡೀಸೆಲ್ ಪಂಪು ಹೋಗಿದೆ, ಇಳಿಸಬೇಕು. ಖರ್ಚು 18ರಿಂದ 22 ಸಾವಿರ. ವೈರಿಂಗ್ ನೋಡೋಣ ಅಂದರೆ ನಕ್ಕರು. ಕೊನೆಗೆ ವೈರಿಂಗಿನಲ್ಲೇ ಸರಿಹೋಯಿತು, ಖರ್ಚು ಸುಮಾರು 800 ರೂಪಾಯಿ. ಪಂಪಿಗೆ ಸ್ಪ್ಯಾನರ್ ಕೂಡ ತಾಗಿಸಲಿಲ್ಲ.

ಬಿಎಸ್-3 (ಹಳೆಯ ಹೊಗೆ ಮಾನದಂಡ) ಕಾಲದ ಟರ್ಬೊ ಗಾಡಿ, 12 ವೋಲ್ಟ್, ರೋಟರಿ ಪಂಪು. ಹಿಂದಿನ ಮಾಲೀಕರು ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ತೆಗೆಸಿ, ಆ ಜಾಗಕ್ಕೆ ತಗಡು ಹೊಡೆಸಿದ್ದರು. ಆಮೇಲಿಂದ ಲೋಡಿನಲ್ಲಿ ದೇವಿಮನೆ ಘಟ್ಟ ಹತ್ತುವಾಗ, ಎಂಜಿನ್ ಚೆನ್ನಾಗಿ ಕಾದ ಮೇಲೆ, ಬಂದ್. ಕಾಲು ಗಂಟೆ ಬಿಟ್ಟರೆ ಸೆಲ್ಫ್ ಒಮ್ಮೆ ಹೊಡೆದರೆ ಸ್ಟಾರ್ಟ್. ಫಿಲ್ಟರ್ ಬದಲಾಗಿತ್ತು, ಟ್ಯಾಂಕ್ ತೊಳೆದಾಗಿತ್ತು, ಹೊಸ ಸ್ಟಾಪ್ ಸೊಲೆನಾಯ್ಡೂ (ಕರೆಂಟ್ ಇರುವವರೆಗೆ ಡೀಸೆಲ್ ಬಿಟ್ಟು, ಕರೆಂಟ್ ಹೋದರೆ ಕಟ್ ಮಾಡುವ ಪಂಪಿನ ವಾಲ್ವ್) ಬಿದ್ದಿತ್ತು. ಎಲ್ಲ ದಂಡ.

ನಿಲ್ಲುವ ರೀತಿಯಲ್ಲೇ ಉತ್ತರ ಇರುತ್ತದೆ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಅಥವಾ ಡೀಸೆಲ್ ಸಾಲದಿದ್ದರೆ ಎಂಜಿನ್ ಮೊದಲು ಎಳೆತ ಬಿಡುತ್ತದೆ, ತಡವರಿಸುತ್ತದೆ, ಆಮೇಲೆ ಸಾಯುತ್ತದೆ. ಇದು ಕೀ ತಿರುಗಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತಿತ್ತು. ಆದರೂ ಪಂಪಿನ ಮುಂದೆ ಪಾರದರ್ಶಕ ಪೈಪ್ ಹಾಕಿ ನೋಡಿದೆ, ಗುಳ್ಳೆ ಇಲ್ಲ. ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಹಾಕಿದ ವೈರ್ ನೇರ ಸೊಲೆನಾಯ್ಡಿಗೆ ಕೊಟ್ಟು ಘಟ್ಟ ಹತ್ತಿಸಿದರೆ ಗಾಡಿ ನಿಲ್ಲಲೇ ಇಲ್ಲ. ಅಲ್ಲಿಗೆ ಪಂಪು ನಿರ್ದೋಷಿ. ಈ ವೈರ್ ಪರೀಕ್ಷೆಗೆ ಮಾತ್ರ. ಹಾಗೇ ಬಿಟ್ಟರೆ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ.

ಎಲ್ಲರೂ ಎಡವಿದ್ದು ಮೀಟರ್ ಇಡುವಲ್ಲಿ. ಸೊಲೆನಾಯ್ಡಿನ ವೈರ್ ಕಳಚಿ ಅಳೆದರೆ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಆಗ ಕರೆಂಟ್ ಹರಿಯುತ್ತಿರುವುದಿಲ್ಲ. ವೈರ್ ಸಿಕ್ಕಿಸಿಯೇ, ಎಂಜಿನ್ ಕಾದಿರುವಾಗ ಅಳೆಯಬೇಕು. ಹಾಗೆ ಅಳೆದಾಗ ಬಂದದ್ದು 8ರ ಆಸುಪಾಸು. ಅಲ್ಲಿಂದ ಇನ್ನಷ್ಟು ಇಳಿದರೆ ಸೊಲೆನಾಯ್ಡಿನ ಒಳಗಿನ ಪ್ಲಂಜರ್ (ಕಡ್ಡಿ) ಹಿಡಿದು ನಿಲ್ಲದೆ ಡೀಸೆಲ್ ಕಟ್ ಆಗುತ್ತದೆ.

ಈ ಗಾಡಿಯಲ್ಲಿ ಇಜಿಆರ್ ವಾಲ್ವಿಗೂ ಸ್ಟಾಪ್ ಸೊಲೆನಾಯ್ಡಿಗೂ ಒಂದೇ ಜಾಯಿಂಟಿನಿಂದ ಲೈನ್. ಇಜಿಆರ್ ವೈರ್ ಕತ್ತರಿಸುವಾಗ ಎಳೆದ ರಭಸಕ್ಕೆ ಜಾಯಿಂಟಿನಲ್ಲಿ ನಾಲ್ಕೈದು ಎಳೆ ಮಾತ್ರ ಉಳಿದಿತ್ತು, ಮೇಲೆ ಬರೀ ಟೇಪು. ಕಾರವಾರದ ಉಪ್ಪುಗಾಳಿಗೆ ತಾಮ್ರ ಹಸಿರು ಪುಡಿಯಾಗಿತ್ತು. ಆ ಹಸಿರು ಇನ್ಸುಲೇಶನ್ ಒಳಗೂ ಗೇಣುದ್ದ ಹೋಗಿರುತ್ತದೆ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಲೇಬೇಕು. ಆಮೇಲೆ 1.5 ಚದರ ಮಿಮೀ ವೈರ್, ಬೆಸುಗೆ, ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ). ಸೊಲೆನಾಯ್ಡಿಗೆ ಒಂದೇ ವೈರ್, ಅರ್ಥ್ (ಮೈನಸ್) ಪಂಪಿನ ಮೈಯಿಂದಲೇ. ಹಾಗಾಗಿ ಬ್ಯಾಟರಿ ಮೈನಸ್ಸಿನಿಂದ ಎಂಜಿನ್ ಬ್ಲಾಕಿಗೂ ಬಣ್ಣ ಕೆರೆದು ಹೊಸ ಕೇಬಲ್ ಕೊಟ್ಟೆ. ಈಗ ಕಾದ ಎಂಜಿನ್ನಿನಲ್ಲೂ 13ರ ಮೇಲೆ. ಜಾಯಿಂಟಿಗೆ ಉಪ್ಪು ತಾಗದಂತೆ ಬಳಿದದ್ದು ಏನು ಅನ್ನುವುದು ನನ್ನಲ್ಲೇ ಇರಲಿ.

ಇದರ ಜೊತೆಗೆ ಇಜಿಆರ್ ತೊಳೆದು ವಾಪಸ್ ಹಾಕಿಯೂ ನೋಡಿದೆ. ಮಸಿ ಹೆರೆಯಲು ಅರ್ಧ ದಿನ ಹಿಡಿಯಿತು. ತೆಗೆದರೆ ಮೈಲೇಜ್ ಏರುತ್ತದೆ ಅನ್ನುತ್ತಾರಲ್ಲ, ಇದ್ದಾಗಲೂ ಇಲ್ಲದಾಗಲೂ ಈ ಗಾಡಿ ಕೊಟ್ಟದ್ದು ಲೀಟರಿಗೆ 9ರ ಹತ್ತಿರವೇ. ಹೊಗೆ ತಪಾಸಣೆಯ ಮೀಟರ್ ಮಸಿಯನ್ನಷ್ಟೇ ಅಳೆಯುತ್ತದೆ, ಇಜಿಆರ್ ತಗ್ಗಿಸುವ ನೈಟ್ರೋಜನ್ ಆಕ್ಸೈಡ್ ಅದಕ್ಕೆ ಕಾಣುವುದಿಲ್ಲ, ಅದಕ್ಕೇ ತೆಗೆದ ಗಾಡಿಗಳೂ ಪಾಸಾಗುತ್ತವೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಜಿಆರ್ ತೆಗೆಸುವುದು ತಪ್ಪೇ. ತಗಡು ಬಿಚ್ಚಿಟ್ಟಿದ್ದೇನೆ, ಇಜಿಆರ್ ಗಾಡಿಯಲ್ಲೇ ಇದೆ.